ವಸಂತವೂ ವಾಗ್ದಾನವೂ

ಹಿಮ ಕರಗಿ ನೆಲ ಕಾಣುವ ದೇಶಗಳಲ್ಲಿ ವಸಂತದ ಆಗಮನವನ್ನು ಯಾರೂ ಅರಿಯದೆ ಇರಲಾರರು. ಪಡುಗಡಲಿಗೂ ಸಹ್ಯಾದ್ರಿಗೂ ನಡುವಣ ನಮ್ಮ ಉಡುಪಿಯ ಸೀಮೆಯಲ್ಲಿ ಮಾತ್ರ ಆ ಋತುವು ಸದ್ದಿಲ್ಲದೆ ಮನೆಯ ಹಿತ್ತಿಲಿನಿಂದಲೇ ಒಳಹೊಗುತ್ತದೆ. ಇಲ್ಲಿ ಎಲೆ ಉದುರುವುದೂ ಚಿಗುರುವುದೂ ಏಕಕಾಲದ ವ್ಯಾಪಾರಗಳು. ಮಣಿಪಾಲದ ಗುಡ್ಡದ ಮೇಲೆ ನಿಂತು ನೋಡಿದರೆ ಸ್ವರ್ಣಾನದಿಯ ಕಣಿವೆಯಲ್ಲಿ ಬೆಳಗಿನ ಮಂಜು ಇನ್ನೂ ಮಲಗಿರುವಾಗಲೇ ಅಂಗಳದ ಮಾವು ಹೂ ಬಿಟ್ಟಿರುತ್ತದೆ. ಗುಡ್ಡೆಯ ಗೇರುಮರಗಳ ತುದಿಗಳಲ್ಲಿ ನಸುಗೆಂಪಿನ ಗೊಂಚಲುಗಳು ಕಾಣಿಸುತ್ತವೆ. ಕೆಲವು ದಿನ ಕಳೆಯುವಷ್ಟರಲ್ಲಿ ಸುರಗಿಯ ಪರಿಮಳವು ಮರ ಕಾಣುವುದಕ್ಕೆ ಮೊದಲೇ ದಾರಿಹೋಕನನ್ನು ತಡೆದು ನಿಲ್ಲಿಸುತ್ತದೆ. ಕಾಪುವಿಗೆ ಸಮೀಪದ ಶಂಕರಪುರದ ಮಲ್ಲಿಗೆಯ ಗಿಡಗಳು ಮೊಗ್ಗಿನಿಂದ ತುಂಬಲಾರಂಭಿಸುತ್ತವೆ. ಗೃಹಿಣಿಯರು ಉಪ್ಪಿನಕಾಯಿಯ ಭರಣಿಗಳನ್ನು ತೊಳೆದು ಬಿಸಿಲಿಗೆ ಇಡುತ್ತಾರೆ. ಇವೇ ನಮ್ಮ ವಸಂತದ ಓಲೆಗಳು.

ಈ ಓಲೆಗಳನ್ನು ಓದುವುದರಲ್ಲಿ ನಮ್ಮ ಹಿರಿಯರು ನಿಪುಣರಾಗಿದ್ದರು. ತುಳುವರ ಪುಯಿಂತೆಲ್ ತಿಂಗಳು ಮುಗಿಯುವಾಗ, ಎಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಮೂರು ದಿನ ಕೆಡ್ಡಸವೆಂಬ ಆಚರಣೆಯುಂಟು. ಆಗ ಭೂಮಿಯು ಋತುಮತಿಯಾಗಿರುವಳೆಂದು ಭಾವಿಸಿ ನೆಲವನ್ನು ಅಗೆಯದೆ, ಮರವನ್ನು ಕಡಿಯದೆ ಇರುವರು. ಬಳಿಕ ಅವಳಿಗೆ ಎಣ್ಣೆ, ಅರಸಿನ, ಕುಂಕುಮಗಳನ್ನು ಅರ್ಪಿಸುವರು. ಏಪ್ರಿಲಿನ ನಡುವೆ ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವಾಗ ಬಿಸು. ಆ ಬೆಳಗು ಫಲಗಳನ್ನೂ ಕನ್ನಡಿಯನ್ನೂ ಇಟ್ಟ ಕಣಿಯನ್ನು ನೋಡಿ ನಮ್ಮ ಮನೆಗಳಲ್ಲಿ ಹೊಸ ವರುಷವನ್ನು ಆರಂಭಿಸುವರು. ಋತುವೆಂಬ ಶಬ್ದವೂ ವೇದಗಳಲ್ಲಿ ವಿಶ್ವದ ನಿಯಮಕ್ಕೆ ಹೆಸರಾದ ಋತವೆಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದವು. ಆದುದರಿಂದ ಕಾಲಕ್ಕೆ ಸರಿಯಾಗಿ ಬಾರದ ಋತುವನ್ನು ಕಂಡಾಗ ನಮಗೆ ತೊಂದರೆಯಷ್ಟೇ ತೋರುವುದಿಲ್ಲ. ಯಾರೋ ಮಾತಿಗೆ ತಪ್ಪಿದರೆಂಬ ನೋವೂ ಉಂಟಾಗುತ್ತದೆ. ಮಾತಿಗೆ ತಪ್ಪಿದವರು ಯಾರು ಎಂಬುದೇ ಈ ಲೇಖನದ ವಿಚಾರವು.

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟುದು ಗ್ರಂಥವಲ್ಲ, ನಮ್ಮ ಗೇರುಗುಡ್ಡೆ. ಕಾರ್ಕಳದ ಸಮೀಪದ ಹಳ್ಳಿಯಲ್ಲಿ ನಮಗೆ ಸ್ವಲ್ಪ ಗೇರುಮರಗಳಿವೆ. ಹೂವನ್ನು ನೋಡಿ ಆ ವರುಷದ ಫಸಲನ್ನು ಗುತ್ತಿಗೆಗೆ ಕೊಡುವುದು ಇಲ್ಲಿಯ ವಾಡಿಕೆಯು. 2020ರ ಡಿಸೆಂಬರಿನಲ್ಲಿ ಕಾಪುವಿನ ಕಡೆಯ ಒಬ್ಬ ಚಿಕ್ಕ ವ್ಯಾಪಾರಿಯು ಬಂದು, ಬೇಗನೆ ಹೂ ಬಿಟ್ಟ ಮರಗಳನ್ನು ಸುತ್ತಿ ನೋಡಿ, ಸಂತೋಷದಿಂದ ಪೂರ್ಣ ಹಣವನ್ನು ಎಣಿಸಿ ಕೊಟ್ಟನು. ಜನವರಿಯ ಮೊದಲ ವಾರದಲ್ಲಿ, ಯಾರೂ ಎಣಿಸದಿದ್ದ ಕಾಲದಲ್ಲಿ, ಕರಾವಳಿಯಲ್ಲಿ ಮಳೆ ಸುರಿಯಿತು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ನಾವು ಓಡಿ ಓಡಿ ಒಳಗೆ ತಂದೆವು. ಗುಡ್ಡೆಯ ಹೂವನ್ನು ಒಳಗೆ ತರುವವರು ಯಾರು? ಕೆಲವೇ ದಿನಗಳಲ್ಲಿ ಗೊಂಚಲುಗಳು ಕರಿದಾಗಿ ಒಣಗಿದುವು.

ಬಿಸು ಕಳೆದ ಮರುದಿನ ಅವನು ಬಂದು ಜಗಲಿಯ ಕೆಳಗೆ ನಿಂತನು. “ಮಾಷ್ಟ್ರೇ, ಹೂ ನೋಡಿ ಹಣ ಕೊಟ್ಟೆ, ಹೂವೇ ಸುಳ್ಳು ಹೇಳಿತು. ಮೂರರಲ್ಲಿ ಒಂದು ಪಾಲನ್ನಾದರೂ ಹಿಂದೆ ಕೊಟ್ಟರೆ ಉಪಕಾರವಾಗುತ್ತಿತ್ತು” ಎಂದನು. ನಾನು ಕರಾರಿನ ಕಾಗದವನ್ನು ನೆನಪಿಸಿ, “ಸುಳ್ಳು ಹೇಳಿದ್ದು ಹೂವಾದರೆ ಹೂವನ್ನೇ ಕೇಳಬೇಕು” ಎಂದು ನಕ್ಕೆನು. ಅವನು ನಗಲಿಲ್ಲ. ಒಂದು ಲೋಟ ನೀರು ಕುಡಿದು ಹೊರಟುಹೋದನು.

ಅವನ ಮಾತನ್ನೂ ನನ್ನ ಮಾತನ್ನೂ ಈಗ ಶಾಂತವಾಗಿ ಪರಿಶೀಲಿಸೋಣ. ಹೂವು ಸುಳ್ಳು ಹೇಳಿತೆ? ಮಳೆಗಾಲ ಕಳೆದು ಒಣಹವೆಯೂ ತಂಪು ರಾತ್ರಿಗಳೂ ಬಂದ ಬಳಿಕ ಗೇರು ಚಿಗುರಿ ಹೂ ಬಿಡುತ್ತದೆ. ಆದುದರಿಂದ ಹೂವು ಹೇಳುವುದು ಕಳೆದ ದಿನಗಳ ವರ್ತಮಾನವನ್ನು. ಬರುವ ವಾರದ ಮೋಡವನ್ನು ಅದು ಬಲ್ಲುದಲ್ಲ. ಭೂತಕಾಲದ ಸಾಕ್ಷಿಯನ್ನು ನಾವು ಭವಿಷ್ಯತ್ಕಾಲದ ವಾಗ್ದಾನವೆಂದು ತಿಳಿದುಕೊಂಡೆವು. ಪಂಚಾಂಗದ ಸಂಗತಿಯೂ ಇಂತಹುದೇ. ಹಗಲಿರುಳು ಸಮನಾಗುವ ದಿನವು ಮಾರ್ಚ್ 20ರ ಸುಮಾರಿಗೆ ಕಳೆದುಹೋದರೂ ನಮ್ಮ ಬಿಸು ಬರುವುದು ಮೂರು ವಾರಗಳಿಗೂ ಮೀರಿದ ಬಳಿಕ. ಅಯನಚಲನೆಯ ದೆಸೆಯಿಂದ ಸುಮಾರು 72 ವರುಷಗಳಿಗೆ ಒಂದು ದಿನದಂತೆ ಆ ಅಂತರವು ಬೆಳೆಯುತ್ತಲೇ ಇದೆ. ಮಳೆಗಾಲವಾದರೂ ದಿನ ತಪ್ಪದೆ ಬರುವುದೆ? ಕೇರಳಕ್ಕೆ ಅದು ಬರತಕ್ಕ ದಿನವು ಜೂನ್ 1 ಎಂದು ಎಣಿಕೆ. 2023ರಲ್ಲಿ ಜೂನ್ 8ಕ್ಕೆ ಬಂದಿತು, 2025ರಲ್ಲಿ ಮೇ 24ಕ್ಕೇ ಬಂದಿತು. ಗೆರೆ ಎಳೆದವರು ನಾವು. ಗೆರೆಯನ್ನು ದಾಟಿದ ಅಪರಾಧವನ್ನು ಋತುವಿನ ಮೇಲೆ ಹೊರಿಸುವುದು ಯಾವ ನ್ಯಾಯ?

ಹಾಗಾದರೆ ತಪ್ಪು ಯಾರದೂ ಅಲ್ಲ. ಇಲ್ಲಿಗೆ ವಿಚಾರವು ಮುಗಿಯಿತೆಂದು ನಾನು ಅಂದುಕೊಂಡಿದ್ದೆನು. ಆ ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ಹೇಳಿದ ಮಾತಿನಿಂದ ಅದು ಮುಗಿದಿಲ್ಲವೆಂದು ತಿಳಿಯಿತು. “ಮಳೆ ಬಂದದ್ದು ನಿನ್ನ ತಪ್ಪಲ್ಲ, ಅವನ ತಪ್ಪೂ ಅಲ್ಲವಷ್ಟೆ? ಯಾರದೂ ಅಲ್ಲದ ನಷ್ಟವನ್ನು ಅವನೊಬ್ಬನ ತಲೆಯ ಮೇಲೆಯೇ ಇಟ್ಟದ್ದು ಮಳೆಯಲ್ಲ, ನೀನು” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಂದುವರಿಸಿ, “ಮಾವನವರೂ ಹೀಗೆಯೇ ಕೆಟ್ಟ ವರ್ಷದಲ್ಲಿಯೂ ಮುಡಿಯನ್ನು ಎಣಿಸಿಯೇ ತೆಗೆದುಕೊಳ್ಳುತ್ತಿದ್ದರು. ಒಕ್ಕಲಿನವಳು ಅಂಗಳದಲ್ಲಿ ನಿಂತದ್ದನ್ನು ನಾನು ಒಳಗಿನಿಂದ ನೋಡಿದವಳು” ಎಂದರು.

ಈ ಮಾತಿನಲ್ಲಿ ನಮ್ಮ ಸೀಮೆಯ ಒಂದು ದೀರ್ಘಚರಿತ್ರೆಯೇ ಅಡಗಿದೆ. ಮೂಲಗೇಣಿ, ಚಾಲಗೇಣಿಗಳ ಕಾಲದಲ್ಲಿ ಒಕ್ಕಲು ಧಣಿಗೆ ಅಳೆಯಬೇಕಾದ ಅಕ್ಕಿಯ ಮುಡಿಗಳ ಲೆಕ್ಕವು ಮೊದಲೇ ನಿಶ್ಚಿತವಾಗಿರುತ್ತಿತ್ತು. ಮಳೆ ಹೆಚ್ಚಲಿ ಕಡಿಮೆಯಾಗಲಿ, ಗೇಣಿಯ ಲೆಕ್ಕ ಬದಲಾಗದು. ಎಂದರೆ ಋತುವಿನ ಅನಿಶ್ಚಯವೆಲ್ಲವೂ ಉಳುವವನ ಪಾಲಿಗೆ, ನಿಶ್ಚಯವೆಲ್ಲವೂ ಜಗಲಿಯ ಮೇಲೆ ಕುಳಿತವನ ಪಾಲಿಗೆ. ಇದನ್ನು ದೈವಸಂಕಲ್ಪವೆಂದು ಕರೆಯುತ್ತಿದ್ದರು. ಆದರೆ ಭೂಸುಧಾರಣೆಯ ತಿದ್ದುಪಡಿ ಶಾಸನದಿಂದ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯ ಒಡೆತನವು ಧಣಿಗಳ ಕೈಬಿಟ್ಟಾಗ, ಅದು ಮನುಷ್ಯರು ಮಾಡಿದ ಏರ್ಪಾಡೇ ಹೊರತು ದೇವರು ಮಾಡಿದುದಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಅದೇ ಮನೆಯಲ್ಲಿ ಹುಟ್ಟಿದ ನಾನು, ಅದೇ ಏರ್ಪಾಡನ್ನು ಒಂದು ತುಂಡು ಕಾಗದದ ಮೇಲೆ ಪುನಃ ಬರೆಯಿಸಿಕೊಂಡಿದ್ದೆನು.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಫಸಲು ಹೆಚ್ಚಾಗಿದ್ದರೆ ಆ ವ್ಯಾಪಾರಿಯು ಹೆಚ್ಚಿನ ಹಣವನ್ನು ನನಗೆ ತಂದುಕೊಡುತ್ತಿದ್ದನೆ? ಇಲ್ಲ. ಲಾಭವನ್ನು ತಾನೊಬ್ಬನೇ ಪಡೆಯತಕ್ಕವನು ನಷ್ಟವನ್ನು ಮಾತ್ರ ಹಂಚಿಕೊಳ್ಳೆಂದು ಕೇಳಬಹುದೆ? 1872ರ ಕರಾರು ಶಾಸನವೂ ನೆರವೇರಿಸಲು ಅಸಾಧ್ಯವಾದ ಕರಾರನ್ನು ಶೂನ್ಯವೆನ್ನುವುದೇ ಹೊರತು, ವ್ಯಾಪಾರದಲ್ಲಿ ನಷ್ಟ ಬಂದಿತೆಂಬ ಮಾತ್ರಕ್ಕೆ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆನು. ಅದು ಸಮಬಲರಾದ ಇಬ್ಬರ ನಡುವೆ ಸರಿಯಾದ ಮಾತು. ಆದರೆ ನನಗೆ ತಿಂಗಳ ನಿವೃತ್ತಿವೇತನವುಂಟು. ಗೇರಿನ ಹಣವು ಅದರ ಮೇಲಿನ ತುಪ್ಪ. ಅವನಿಗಾದರೋ ಅದೇ ಅನ್ನ. ಅವನ ಕೈಕೆಳಗೆ ಗೇರುಬೀಜ ಹೆಕ್ಕುವ ಹೆಂಗಸರಿಗೆ ಆ ವರುಷ ಎಷ್ಟೋ ದಿನಗಳ ಕೂಲಿಯೇ ಇಲ್ಲವಾಯಿತು; ಅವರ ಹೆಸರು ಯಾವ ಕರಾರಿನಲ್ಲಿಯೂ ಇರಲಿಲ್ಲ. ಒಂದೇ ಮಳೆಯು ಒಬ್ಬನ ಮಾಡಿನಿಂದ ಹರಿದುಹೋಗುತ್ತದೆ, ಇನ್ನೊಬ್ಬನ ಒಲೆಯನ್ನು ಆರಿಸುತ್ತದೆ. ಇದನ್ನು ಬಲ್ಲವನು ಕಾಗದದ ಅಕ್ಷರದಲ್ಲಿಯೇ ನಿಂತರೆ ಅವನು ಕಾನೂನಿಗೆ ತಪ್ಪಿದವನಲ್ಲ. ಆದರೂ ನೆರೆಹೊರೆಯ ಧರ್ಮಕ್ಕೆ ತಪ್ಪಿದವನು.

ಇಷ್ಟು ತಿಳಿದೂ ನಾನು ಒಂದು ತಿಂಗಳು ಸುಮ್ಮನಿದ್ದೆನು. ನಾಳೆ ಕಳುಹಿಸಿದರಾಯಿತೆಂದು ಮನಸ್ಸು ಹೇಳುತ್ತಿತ್ತು. ಮೇ ತಿಂಗಳ 15, 16ನೆಯ ತಾರೀಖುಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯ ಹೊರಗೆ ಹಾದುಹೋಯಿತು. ಕಾಪು ಮೊದಲಾದ ತೀರಗಳಲ್ಲಿ ಕಡಲು ದಡವನ್ನು ಕೊರೆಯಿತು. ಮಹಾಮಾರಿಯ ದೆಸೆಯಿಂದ ಪೇಟೆಗಳೂ ಮುಚ್ಚಿದ್ದ ದಿನಗಳವು. ಅವನ ಮನೆಯ ಮಾಡು ಹಾರಿತೆಂದು ಕೇಳಿದ ಮೇಲೆ, ಅವನು ಕೇಳಿದ್ದ ಮೂರರಲ್ಲೊಂದು ಪಾಲನ್ನು ಕಳುಹಿಸಿದೆನು. ಅವನು ದೂರವಾಣಿಯಲ್ಲಿ ಮಾತನಾಡುತ್ತ, “ನಿಮ್ಮ ಧರ್ಮದಿಂದ ಬದುಕಿಕೊಂಡೆವು, ಮಾಷ್ಟ್ರೇ” ಎಂದನು. ಆ ಕೃತಜ್ಞತೆಯಷ್ಟು ನನ್ನನ್ನು ನಾಚಿಸಿದುದು ಬೇರೊಂದಿಲ್ಲ. ಏಪ್ರಿಲಿನಲ್ಲಿ ಅವನಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದುದನ್ನು ನಾನು ಮೇ ತಿಂಗಳಲ್ಲಿ ದಾನವಾಗಿ ಕೊಟ್ಟಿದ್ದೆನು. ಹಣವು ಅಷ್ಟೇ, ಆದರೆ ನ್ಯಾಯವನ್ನು ಪಡೆಯುವವನು ತಲೆಯೆತ್ತಿ ಪಡೆಯುತ್ತಾನೆ, ದಾನವನ್ನು ಪಡೆಯುವವನು ತಲೆಬಾಗಿಸಿ ಪಡೆಯುತ್ತಾನೆ. ನನ್ನ ವಿಳಂಬವು ಅವನಿಂದ ಕಸಿದುಕೊಂಡುದು ಅದನ್ನು.

ಋತುಗಳ ಈ ಚಂಚಲತೆಯು ಇನ್ನು ಮುಂದೆ ಕಡಿಮೆಯಾಗುವಂತೆ ತೋರುವುದಿಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳೆಯಲು ತೊಡಗಿದಾಗ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಇಂಗಾಲಾಮ್ಲವು ಈಗ 420ನ್ನು ದಾಟಿದೆ. ನೆಲವೂ ನಮ್ಮ ಪಡುಗಡಲೂ ಬಿಸಿಯೇರಿವೆ. ಇಂತಹ ಒಂದು ದಿನದ ಮಳೆಯು ಇದರಿಂದಲೇ ಬಂದಿತೆಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲದಿರಬಹುದು. ಆದರೆ ‘ತಪ್ಪು ಯಾರದೂ ಅಲ್ಲ’ ಎಂದು ಹಿಂದಿನವರಂತೆ ನಿಶ್ಚಿಂತೆಯಿಂದ ಹೇಳುವ ಹಕ್ಕು ನಮಗೆ ಉಳಿದಿಲ್ಲ. ಹೊಗೆಯನ್ನು ಬಿಟ್ಟವರು ಒಬ್ಬರು, ಹೂ ಕಳೆದುಕೊಂಡವರು ಇನ್ನೊಬ್ಬರು. ಅಡಿಕೆ, ಕಾಳುಮೆಣಸುಗಳಿಗೆ ಈಗ ಹವಾಮಾನವನ್ನು ಆಧರಿಸಿದ ವಿಮೆಯುಂಟು. ಅದು ಒಳ್ಳೆಯ ಏರ್ಪಾಡೇ. ಆದರೆ ಹೆಕ್ಕುವ ಹೆಂಗಸಿನ ಕೂಲಿಯನ್ನು ಯಾವ ವಿಮೆಯೂ ಎಣಿಸುವುದಿಲ್ಲ. ಅದನ್ನು ಎಣಿಸಬೇಕಾದವರು ಆ ಗುಡ್ಡೆಯ ಯಜಮಾನರಾದ ನಾವು.

ಮುಂದಿನ ವರುಷದಿಂದ ನಮ್ಮ ಕರಾರನ್ನು ಬದಲಿಸಿಕೊಂಡೆವು. ಹೂ ಕಂಡಾಗ ಅರ್ಧ ಹಣ. ಉಳಿದುದು ಬೀಜ ತೂಗಿದ ಬಳಿಕ, ತೂಕಕ್ಕೆ ತಕ್ಕಂತೆ. ಫಸಲು ಹೆಚ್ಚಾದರೆ ನನಗೂ ಹೆಚ್ಚು, ಕಡಿಮೆಯಾದರೆ ನನಗೂ ಕಡಿಮೆ. ಹೆಕ್ಕುವವರಿಗೆ ಇಂತಿಷ್ಟು ದಿನದ ಕೂಲಿಯು ಫಸಲು ಹೇಗಿದ್ದರೂ ಸಲ್ಲಬೇಕೆಂದು ಒಂದು ಸಾಲನ್ನು ಸೇರಿಸಿದೆವು. ಆ ಸಾಲು ಅಮ್ಮನದು. ಇದರಿಂದ ನನಗೆ ಕೆಲವು ವರುಷ ಲಾಭವೂ ಕೆಲವು ವರುಷ ನಷ್ಟವೂ ಆಗಿದೆ.

ಈಗಲೂ ಮಕರಮಾಸದಲ್ಲಿ ಅವನು ಬರುತ್ತಾನೆ. ಇಬ್ಬರೂ ಗುಡ್ಡೆಯನ್ನು ಹತ್ತಿ ಮರಗಳನ್ನು ಸುತ್ತುತ್ತೇವೆ. ಹೂವು ಚೆನ್ನಾಗಿ ಬಂದಿದ್ದರೆ ಚೆನ್ನಾಗಿ ಬಂದಿದೆಯೆಂದು ಹೇಳುತ್ತೇವೆ. ಇಷ್ಟು ಫಸಲಾದೀತೆಂದು ಮಾತ್ರ ಇಬ್ಬರೂ ಹೇಳುವುದಿಲ್ಲ. ವಸಂತವು ಯಾರಿಗೂ ಮಾತು ಕೊಟ್ಟುದಿಲ್ಲ. ಮಾತು ಕೊಡಬಲ್ಲವರೂ ತಪ್ಪಬಲ್ಲವರೂ ಅದರ ಹೂವನ್ನು ನೋಡುತ್ತ ನಿಂತಿರುವ ನಾವೇ.