ಮಚ್ಚೆಯ ಲಕ್ಷಣವೂ ತಾಯಿಯ ಮೇಲಿನ ದೋಷವೂ

ಪಂಪಕವಿಯ ತಮ್ಮನಾದ ಜಿನವಲ್ಲಭನ ಕುರ್ಕ್ಯಾಲ ಶಾಸನದಲ್ಲಿ, ಅವರ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳೆಂದು ಹೇಳಿದೆ. ಲಕ್ಷಣ ನೋಡಿ ಫಲ ಹೇಳುವ ವಿದ್ಯೆಯು ನಮ್ಮೂರಿಗೆ ಹೊಸದಲ್ಲ. ಇಂದಿಗೂ ಕೂಸಿನ ಮೈಮೇಲೆ ದೊಡ್ಡ ಮಚ್ಚೆ ಕಂಡರೆ ಹಿರಿಯರು ಮೊದಲು ತಾಯಿಯನ್ನೇ ಕೇಳುವರು: ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ? ಈಳಿಗೆ ಮುಟ್ಟಿದ್ದೆಯಾ? ಹೀಗೆ ಲಕ್ಷಣದ ಪ್ರಶ್ನೆಯು ನೋಡನೋಡುತ್ತ ತಪ್ಪಿನ ಪ್ರಶ್ನೆಯಾಗುವದು. ಇವೆರಡೂ ಒಂದೇ ಏನು?

ಮೊದಲು ವಸ್ತುಸ್ಥಿತಿಯನ್ನು ನೋಡುವಾ. ನಮ್ಮ ಕೂಸುಗಳ ಟೊಂಕದ ಕೆಳಗೆ ಕಾಣುವ ನೀಲಿ ಛಾಯೆಯ ಕಲೆಯು ಬಹುತೇಕ ನಿರಪಾಯವಾದದ್ದು. ಕೆಲವು ವರ್ಷಗಳಲ್ಲಿ ತಾನೇ ಮಾಸುವದು. ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು ಒಂದೆರಡಿದ್ದರೂ ಸಾಮಾನ್ಯವಾಗಿ ಅಂಜಬೇಕಾದುದಿಲ್ಲ. ಆದರೆ ಪ್ರಾಯಕ್ಕೆ ಬಾರದ ಮಗುವಿನಲ್ಲಿ 5 ಮಿಲಿಮೀಟರಿಗಿಂತ ದೊಡ್ಡವಾದ ಇಂಥ ಮಚ್ಚೆಗಳು 6 ಅಥವಾ ಹೆಚ್ಚು ಇದ್ದರೆ, ವೈದ್ಯರು ನ್ಯೂರೋಫೈಬ್ರೊಮೆಟೋಸಿಸ್ ಎಂಬ ವ್ಯಾಧಿಯನ್ನು ಶಂಕಿಸುವರು. ಇದನ್ನು 1882ರಲ್ಲಿ ಜರ್ಮನ ಪಂಡಿತ ರೆಕ್ಲಿಂಗ್‌ಹೌಸೆನ್ನನು ವಿವರಿಸಿದನು. ಇದಕ್ಕೆ ಕಾರಣವಾದ, 17ನೆಯ ವರ್ಣತಂತುವಿನಲ್ಲಿರುವ ಜೀನನ್ನು 1990ರಲ್ಲಿ ಗುರುತಿಸಲಾಯಿತು. ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಇದು ಬರುವದು.

ಈಗ ದೋಷದ ವಿಚಾರ. ಈ ವ್ಯಾಧಿಯುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರ ತಂದೆತಾಯಿಗಳಲ್ಲಿ ಇದು ಇರುವದೇ ಇಲ್ಲ; ಜೀನಿನ ಬದಲಾವಣೆಯು ಆ ಕೂಸಿನಲ್ಲಿಯೇ ಹೊಸದಾಗಿ ಆದದ್ದು. ಅಲ್ಲಿ ‘ಯಾರ ವಂಶದ್ದು?’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಉಳಿದ ಅರ್ಧದಲ್ಲಿ ಅದು ತಂದೆಯಿಂದಲಾದರೂ ತಾಯಿಯಿಂದಲಾದರೂ ಬಂದಿರಬಹುದು. ಆದರೆ ತನ್ನ ಜೀನನ್ನು ಆರಿಸಿಕೊಂಡು ಹುಟ್ಟಿದವರು ಯಾರು? ಆಯ್ಕೆಯಿಲ್ಲದಲ್ಲಿ ಅಪರಾಧವಿಲ್ಲ. ಕಾರಣವೆಂಬದು ಬೇರೆ, ದೋಷವೆಂಬದು ಬೇರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಹಾಗಾದರೆ ವೈದ್ಯನ ಮಾತೂ ಹೊಸದೊಂದು ಜಾತಕವೇ ಅಲ್ಲವೇ? ಹೆಣ್ಣುಮಗುವಿನ ಮಚ್ಚೆಗೆ ರೋಗದ ಹೆಸರಿಟ್ಟರೆ ಮುಂದೆ ಆಕೆಯ ಮದುವೆಯ ಗತಿಯೇನು? ಈ ಅಂಜಿಕೆ ಹುಸಿಯಲ್ಲ. ಅನೇಕ ತಾಯಿತಂದೆಗಳು ಇದಕ್ಕಾಗಿಯೇ ಮಗುವನ್ನು ಅಂಗಿಯೊಳಗೆ ಮುಚ್ಚಿಡುವರು. ಆದರೆ ಅಂಗಿಯು ಮಚ್ಚೆಯನ್ನು ಮುಚ್ಚುವದೇ ಹೊರತು ವ್ಯಾಧಿಯನ್ನಲ್ಲ. ಕೆಲವು ಮಕ್ಕಳಲ್ಲಿ ಕಣ್ಣಿನ ನರದ ಮೇಲೆ ಗಂಟು ಬೆಳೆದು ದೃಷ್ಟಿ ಕುಂದುವದು, ಕೆಲವರಲ್ಲಿ ಬೆನ್ನೆಲುಬು ಡೊಂಕಾಗುವದು, ಕೆಲವರಲ್ಲಿ ರಕ್ತದೊತ್ತಡ ಏರುವದು. ಹಲವರು ಸೌಮ್ಯ ಲಕ್ಷಣಗಳಿಂದಲೇ ಬಾಳು ಸಾಗಿಸುವರು. ಯಾರ ಪಾಲಿಗೆ ಏನೆಂಬದನ್ನು ಮಚ್ಚೆಗಳನ್ನು ಎಣಿಸಿ ಹೇಳಲಾಗದು. ವರ್ಷವರ್ಷವೂ ಪರೀಕ್ಷಿಸಿಯೇ ತಿಳಿಯಬೇಕು. ಜಾತಕಕ್ಕೂ ಇದಕ್ಕೂ ಇರುವ ಭೇದವು ಇದೇ: ಜಾತಕವು ಮುಂದಿನದನ್ನು ನಿರ್ಣಯಿಸುವದು, ವೈದ್ಯನ ಲಕ್ಷಣವು ಮುಂದೆ ನೋಡಿಕೊಳ್ಳಲು ಹೇಳುವದು.

ಆದುದರಿಂದ ನಮ್ಮ ಕರ್ತವ್ಯವು ಎರಡು ಬಗೆಯದು. ಮಗುವಿನ ಮೈಯನ್ನು ನೋಡಬೇಕು. ತಾಯಿಯ ನಡತೆಯನ್ನು ವಿಚಾರಿಸಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ಅಂಗನವಾಡಿಗೂ ಶಾಲೆಗೂ ಬರುವ ವೈದ್ಯರ ಮುಂದೆ ಇಂಥ ಮಗುವನ್ನು ನಾಚಿಕೆಯಿಲ್ಲದೆ ನಿಲ್ಲಿಸಬೇಕು. ತಿಳಿದ ಸತ್ಯವಾದರೂ ಮೊದಲು ಆ ಮಗುವಿನ ಸೊತ್ತು. ಆಕೆ ಬುದ್ಧಿಗೆ ಬಂದಾಗ ಆಕೆಗೆ ಹೇಳತಕ್ಕದ್ದು. ಆಕೆ ತನ್ನನ್ನು ವರಿಸುವವನಿಗೆ ಅದನ್ನು ಹೇಳಿದಾಗ ಕೇಳಿ ಹಿಂಜರಿಯದವನನ್ನು ಬೆಳೆಸುವದು, ಗಂಡುಮಕ್ಕಳುಳ್ಳ ನಮ್ಮೆಲ್ಲರ ಮನೆಗಳ ಕೆಲಸ.