ಕಾಯದೆ ಹೋದವಳು

ಯುದ್ಧದ ಸಿನಿಮಾದಲ್ಲಿ ಪ್ರೇಮಕಥೆಯಿದೆ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಅವನು ಗಡಿಗೆ ಹೋಗುತ್ತಾನೆ, ಅವಳು ಕಾಯುತ್ತಾಳೆ, ಉಳಿದದ್ದು ಹಿನ್ನೆಲೆ ಸಂಗೀತ. ಮಿಖಾಯಿಲ್ ಕಲಾಟೋಜೋವ್ ನಿರ್ದೇಶಿಸಿದ ಸೋವಿಯತ್ ಚಿತ್ರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ (1957) ಹಾಕಿದ್ದೂ ಅದೇ ಅನುಮಾನದಿಂದ. ಮಹಾಪ್ರಬಂಧದ ಅಧ್ಯಾಯವೊಂದು ಮುಂದೆ ಹೋಗದೆ ನಿಂತಿದ್ದ ರಾತ್ರಿ. ಅರ್ಧ ಗಂಟೆ ನೋಡಿ ಮಲಗುವ ಲೆಕ್ಕ. ಮುಗಿಯುವವರೆಗೂ ಏಳಲಾಗಲಿಲ್ಲ.

ಬೊರಿಸ್ ತಾನಾಗಿಯೇ ಸೈನ್ಯ ಸೇರುತ್ತಾನೆ, ವೆರೋನಿಕಾಗೆ ಮೊದಲು ಹೇಳುವುದೂ ಇಲ್ಲ. ಆಮೇಲೆ ಅವನಿಂದ ಪತ್ರವಿಲ್ಲ. ಬಾಂಬ್ ದಾಳಿಯಲ್ಲಿ ಅವಳ ಅಪ್ಪ ಅಮ್ಮ ಸಾಯುತ್ತಾರೆ. ಆಶ್ರಯ ಕೊಟ್ಟ ಬೊರಿಸನ ಮನೆಯಲ್ಲೇ, ಇನ್ನೊಂದು ದಾಳಿಯ ಹೊತ್ತಿನಲ್ಲಿ, ಅವನ ಸೋದರಸಂಬಂಧಿ ಮಾರ್ಕ್ ಅವಳ ಮೇಲೆ ಬೀಳುತ್ತಾನೆ. ಅವಳು ಬೇಡ ಬೇಡ ಎನ್ನುತ್ತ ಹೊಡೆಯುತ್ತಲೇ ಇರುತ್ತಾಳೆ. ಮುಂದೆ ಅವನನ್ನೇ ಮದುವೆಯಾಗುತ್ತಾಳೆ. ಬೊರಿಸ್ ಸತ್ತದ್ದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ನನ್ನನ್ನು ಅಲ್ಲಾಡಿಸಿದ್ದು ಸೈಬೀರಿಯಾದ ಆಸ್ಪತ್ರೆಯ ದೃಶ್ಯ. ತನ್ನ ಹುಡುಗಿ ಬೇರೆಯವನನ್ನು ಮದುವೆಯಾದಳೆಂದು ತಿಳಿದ ಗಾಯಾಳು ಸೈನಿಕನೊಬ್ಬ ರೊಚ್ಚಿಗೆದ್ದು ಸಾಯಲು ಹೊರಟಿದ್ದಾನೆ. ಅಲ್ಲಿನ ವೈದ್ಯ ಬೊರಿಸನ ತಂದೆ. ಅಂಥವಳಿಗೆ ಕ್ಷಮೆಯೇ ಇಲ್ಲ, ಅವಳಿಗಾಗಿ ಅಳಬೇಡ ಎಂದು ಅವನನ್ನು ಸಮಾಧಾನಪಡಿಸುತ್ತಾನೆ. ಅದೇ ಆಸ್ಪತ್ರೆಯಲ್ಲಿ ದುಡಿಯುವ ವೆರೋನಿಕಾ ನಿಂತು ಕೇಳಿಸಿಕೊಳ್ಳುತ್ತಾಳೆ.

ವೈದ್ಯ ಕೆಟ್ಟವನಲ್ಲ. ಆ ಸೈನಿಕನಿಗೆ ಆ ಕ್ಷಣ ಆ ಮಾತು ಬೇಕಿತ್ತು. ಆದರೆ ಒಬ್ಬನನ್ನು ಬದುಕಿಸುವ ಮಾತು ಇನ್ನೊಬ್ಬಳನ್ನು ರೈಲಿನ ಹಳಿಯ ಕಡೆಗೆ ಓಡಿಸುತ್ತದೆ.

ಎರಡು ವರ್ಷದ ಹಿಂದೆ ಹಾಸ್ಟೆಲಿನ ಗೆಳೆಯನೊಬ್ಬನಿಗೆ ನಾನೂ ಅಂಥದ್ದೇ ಸಮಾಧಾನ ಹೇಳಿದ್ದೆ. “ಕಾಯದವಳು ನಿನಗೆ ತಕ್ಕವಳೇ ಅಲ್ಲ ಕಣೋ” ಅಂದಿದ್ದೆ. ಅವಳ ಮನೆಯಲ್ಲಿ ಏನು ನಡೆದಿತ್ತೆಂದು ನಾನು ಕೇಳಿರಲಿಲ್ಲ. ಕೇಳಿದ್ದರೆ ಸಮಾಧಾನ ಹೇಳುವುದು ಕಷ್ಟವಾಗುತ್ತಿತ್ತು.

ಹಾಗಾದರೆ ಕೊಟ್ಟ ಮಾತಿಗೆ ಬೆಲೆಯಿಲ್ಲವೆ? ಇದೆ. ವೆರೋನಿಕಾ ತನ್ನನ್ನು ತಾನು ಒಮ್ಮೆಯೂ ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ನಿಷ್ಠೆ ಎಂಬುದು ನಾವು ನಮ್ಮಿಂದಲೇ ಕೇಳಿಕೊಳ್ಳಬಹುದಾದ ದೊಡ್ಡ ಸಂಗತಿ. ಇನ್ನೊಬ್ಬರಿಂದ ಅದನ್ನು ವಸೂಲಿ ಮಾಡಲು ಹೊರಟಾಗ, ಅವರು ಯಾವ ರಾತ್ರಿಗಳನ್ನು ದಾಟಿ ಬಂದರು ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಸ್ಟಾಲಿನ್ ಸತ್ತು ನಾಲ್ಕೇ ವರ್ಷಕ್ಕೆ ಬಂದ ಈ ಚಿತ್ರಕ್ಕೆ 1958ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಸಿಕ್ಕಿತು. ಅವಳಿಗೆ ಶಿಕ್ಷೆ ಕೊಡಲು ಚಿತ್ರ ಒಪ್ಪದಿರುವುದೇ ನನಗಾದ ಸಂತೋಷದ ಅಚ್ಚರಿ. ಕೊನೆಯಲ್ಲಿ, ಬೊರಿಸ್ ಇನ್ನು ಬರುವುದಿಲ್ಲವೆಂದು ರೈಲು ನಿಲ್ದಾಣದಲ್ಲಿ ಖಚಿತವಾದಾಗ, ಅವನಿಗೆಂದು ತಂದ ಹೂಗಳನ್ನು ಅವಳು ಎದುರಾದವರಿಗೆಲ್ಲ ಹಂಚುತ್ತಾಳೆ. ತೆಗೆದುಕೊಂಡವರು ಯಾರೂ ಅವಳು ಕಾದಳೋ ಇಲ್ಲವೋ ಎಂದು ಕೇಳುವುದಿಲ್ಲ.