ಛತ್ರದವನ ಪಾಲಿನ ಸೇವೆ



ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಸಾಗುವ ಟ್ರ್ಯಾಕ್ಟರುಗಳ ಸಾಲು ನಿಮಗೆ ಪರಿಚಿತವೇ. ಹಿಂಬದಿಗೆ ದೀಪವಿಲ್ಲದ ಟ್ರೇಲರಿಗೆ ರಾತ್ರಿ ಬೈಕ್ ಬಡಿದು ತೊಡೆಯೆಲುಬು ಮುರಿದುಕೊಂಡವರು, ನಿಪ್ಪಾಣಿಯ ಹೆದ್ದಾರಿಯಲ್ಲಿ ಬಿದ್ದವರು, ಬಚ್ಚಲಲ್ಲಿ ಕಾಲು ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು, ಇಂಥವರಿಲ್ಲದ ಊರು ಅಪರೂಪ. ಅಪಘಾತದ ಗಳಿಗೆಯಲ್ಲಿ ನಮ್ಮ ಜನ ಹಿಂಜರಿಯುವುದಿಲ್ಲ. ಸಿಕ್ಕ ವಾಹನವನ್ನು ನಿಲ್ಲಿಸಿ ಬೆಳಗಾವಿಗೋ ಕೊಲ್ಹಾಪುರಕ್ಕೋ ಮಿರಜಿಗೋ ಸಾಗಿಸುತ್ತಾರೆ. ಕೆನಡಾ ಮೂಲದ ಮಿಷನರಿ ಡಾ. ವಿಲಿಯಂ ವಾನ್‌ಲೆಸ್ ಅವರು ಮಿರಜಿನಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ. ಕೃಷ್ಣೆಯ ದಂಡೆಯ ನಮ್ಮ ಹಿರಿಯರಿಗೆ ಆ ದಾರಿ ಅಂದಿನಿಂದಲೂ ಗೊತ್ತು.

ನನ್ನ ಪ್ರಶ್ನೆ ಇರುವುದು ಅಲ್ಲಿಂದ ಮುಂದಿನದನ್ನು ಕುರಿತು. ಶಸ್ತ್ರಚಿಕಿತ್ಸೆ ಎರಡು ಮೂರು ತಾಸಿನಲ್ಲಿ ಮುಗಿದೀತು. ಆದರೆ ಮಣಿಕಟ್ಟಿನ ಎಲುಬು ಕೂಡಲು ಸುಮಾರು 6 ವಾರ, ತೊಡೆಯ ಎಲುಬಿಗೆ 3 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಆ ದಿನಗಳು ಯಾರ ಪಾಲಿನವು?

ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನನ್ನು ನಾವೆಲ್ಲರೂ ಬಲ್ಲೆವು. ಅವನು ಗಾಯಗಳಿಗೆ ಕಟ್ಟು ಕಟ್ಟಿದ, ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ಒಂದು ರಾತ್ರಿ ಆರೈಕೆ ಮಾಡಿದ. ಮರುದಿನ ಎರಡು ದಿನಗಳ ಕೂಲಿಯಷ್ಟು ಹಣ ಕೊಟ್ಟು ತನ್ನ ದಾರಿ ಹಿಡಿದ. ಆಮೇಲೆ ಗಾಯಾಳುವಿನ ಮೈ ಒರೆಸಿದವನು, ನಡುರಾತ್ರಿ ನರಳಿದಾಗ ಎದ್ದು ಬಂದವನು ಛತ್ರದ ಯಜಮಾನ. ಅವನ ಕುರಿತಾದ ಪ್ರಬೋಧನೆಯನ್ನು ನಾನಂತೂ ಇದುವರೆಗೆ ಕೇಳಿಲ್ಲ. ನಮ್ಮ ಮನೆಗಳಲ್ಲಿ ಆ ಯಜಮಾನ ಸಾಮಾನ್ಯವಾಗಿ ಸೊಸೆ, ಇಲ್ಲವೇ ಹೆಂಡತಿ.

ಆಕೆಯ ಕೆಲಸ ಎಷ್ಟು ಸೂಕ್ಷ್ಮವಾದುದೆಂಬುದನ್ನು ನೋಡಿರಿ. ಪ್ಲಾಸ್ಟರ್ ಹಾಕಿದ ಕಾಲಿನ ಬೆರಳುಗಳನ್ನು, ಅದರಲ್ಲೂ ಮೊದಲ ದಿನಗಳಲ್ಲಿ, ಪದೇ ಪದೇ ಪರೀಕ್ಷಿಸಬೇಕು. ಉಗುರನ್ನು ಒತ್ತಿ ಬಿಟ್ಟರೆ ಬಿಳುಪು ಕೂಡಲೇ ಮಾಯವಾಗಿ ಕೆಂಪು ಮರಳಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ಮಾತ್ರೆ ಕೊಟ್ಟ ಮೇಲೂ ನೋವು ಏರುತ್ತಲೇ ಹೋದರೆ, ಬೆಳಗಾಗಲೆಂದು ಕಾಯುವಂತಿಲ್ಲ. ಒಳಗೆ ಬಾವು ಹೆಚ್ಚಿ ರಕ್ತಸಂಚಾರ ನಿಂತರೆ ಕೆಲವೇ ತಾಸುಗಳಲ್ಲಿ ಮಾಂಸಖಂಡಗಳು ಸಾಯತೊಡಗುತ್ತವೆ. “ಎಲುಬು ಮುರಿದ ಮೇಲೆ ನೋವು ಇದ್ದದ್ದೇ, ತಾಳಿಕೊಳ್ಳಿ” ಎಂಬ ನಮ್ಮ ವಾಡಿಕೆಯ ಮಾತು ಆ ರಾತ್ರಿ ಒಂದು ಕಾಲನ್ನೇ ಕಳೆದೀತು. ಇನ್ನೊಬ್ಬರ ನೋವನ್ನು ನಂಬುವುದು ಆರೈಕೆಯ ಮೊದಲ ಕರ್ತವ್ಯವೆಂದು ನಾನು ತಿಳಿಯುತ್ತೇನೆ. ಹಾಸಿಗೆ ಹಿಡಿದವರನ್ನು ವೈದ್ಯರು ತೋರಿಸಿದ ರೀತಿಯಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಹುಣ್ಣು ಏಳುತ್ತದೆ. ದೀರ್ಘವಾಗಿ ಉಸಿರೆಳೆಯುವ ಅಭ್ಯಾಸ ಮಾಡಿಸದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಎಷ್ಟೋ ವೃದ್ಧರು ತೀರಿಕೊಳ್ಳುವುದು ಮುರಿದ ಎಲುಬಿನಿಂದಲ್ಲ, ಅದು ಮಲಗಿಸಿದ ಮಂಚದಿಂದ.

ಇವೆಲ್ಲವನ್ನೂ ಕಲಿಯಬಹುದು. ಕಲಿಸಲು ಕಷ್ಟವಾದದ್ದು ಒಂದಿದೆ. ಮಲಗಿದಲ್ಲೇ ಇರುವ ಅನೇಕ ಹಿರಿಯರು, ವಿಶೇಷವಾಗಿ ತಾಯಂದಿರು, ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುತ್ತಾರೆ. ನಿಜವಾದ ಕಾರಣ ಬೆಡ್‌ಪ್ಯಾನ್. ಮತ್ತೊಮ್ಮೆ ಸೊಸೆಯನ್ನು ಕೂಗಬೇಕಲ್ಲ ಎಂಬ ಸಂಕೋಚ. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು, ಜ್ವರ. ಮನೆಯವರಿಗೆ ಕಾರಣವೇ ತಿಳಿಯುವುದಿಲ್ಲ.

ಈ ಸಂಕೋಚವನ್ನು ನಾವು ಹಗುರವಾಗಿ ಕಾಣಬಾರದು. ಜೀವನವಿಡೀ ಬೇರೆಯವರಿಗೆ ಬಡಿಸಿದ ಕೈ ಅದು. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಕಾಲು ತೊಳೆಯಲು ಬಾಗಿದಾಗ ಪೇತ್ರನು ಒಪ್ಪಲಿಲ್ಲ. ಸೇವೆ ಮಾಡೆಂದಿದ್ದರೆ ಅವನು ಕೂಡಲೇ ಎದ್ದು ನಿಲ್ಲುತ್ತಿದ್ದ. ಪಡೆಯುವುದು ಅವನಿಗೆ ಭಾರವಾಯಿತು. ಆದರೆ ನಾನಿಲ್ಲಿ ರೋಗಿಗೆ ವಿನಯವನ್ನು ಬೋಧಿಸಲಾರೆ. ಕೂಗಿದಾಗ ಬಂದವರ ಮುಖದಲ್ಲಿ ಬೇಸರದ ಒಂದು ಗೆರೆ ಕಂಡರೂ ಮರುದಿನ ಅವರು ಕೂಗುವುದಿಲ್ಲ. ಕೂಗುವ ಮೊದಲೇ ಹೊತ್ತು ಹೊತ್ತಿಗೆ ಹೋಗಿ ಕೇಳುವುದು, ಮುಟ್ಟುವ ಮುನ್ನ ಹೇಳುವುದು, ಬಾಗಿಲಿಗೆ ಪರದೆ ಎಳೆಯುವುದು, ನೋಡಲು ಬಂದವರನ್ನು ಆ ಹೊತ್ತು ಹೊರಗೆ ಕೂರಿಸುವುದು ನಮ್ಮ ಕೈಯಲ್ಲಿದೆ. ಅಲುಗದಂತೆ ಕಟ್ಟಿರುವುದು ಎಲುಬನ್ನು ಮಾತ್ರ. ಆ ಮನುಷ್ಯನ ಮಾನವನ್ನು ನಾವು ಬಿಚ್ಚಿಡಬೇಕಾಗಿಲ್ಲ.

ಹಾಗೆಂದು ಬೇಸರಪಡುವ ಸೊಸೆಯನ್ನು ದೂರುವುದು ನ್ಯಾಯವೇ? ಅವಳು ಹೊಲದ ಕೂಲಿಯನ್ನೋ ಬೀಡಿ ಕಟ್ಟುವ ಕೆಲಸವನ್ನೋ ಬಿಟ್ಟು ಮನೆಯಲ್ಲಿ ಕುಳಿತಿರುತ್ತಾಳೆ, ರಾತ್ರಿಯ ನಿದ್ರೆಯೂ ಇರದು. ತಂದೆಯ ಮಗ್ಗುಲು ಬದಲಿಸುವುದು ಹೆಂಗಸರ ಕೆಲಸವೆಂದು ಭಾವಿಸಿದ ಗಂಡುಮಕ್ಕಳಿಗೆ ಅದೇ ಮನೆಯಲ್ಲಿ ನಿದ್ರೆ ಬರುತ್ತದೆ. ಸಮಾರ್ಯದವನು ಛತ್ರದವನ ಮೇಲೆ ಹೊರೆ ಹೊರಿಸಿ ಮರೆತುಬಿಡಲಿಲ್ಲ. ಹಣ ಕೊಟ್ಟ; ಹೆಚ್ಚಾದದ್ದನ್ನು ಮರಳಿ ಬಂದಾಗ ತೀರಿಸುವೆನೆಂದ. ನಮ್ಮ ಧರ್ಮಕೇಂದ್ರಗಳಲ್ಲಿ ಆ ಮರಳಿ ಬರುವಿಕೆ ಎಲ್ಲಿದೆ?

1521ರ ಮೇ 20ರಂದು ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿಯ ಗುಂಡು ತಾಗಿ ಕಾಲು ಮುರಿದುಕೊಂಡ ಯೋಧನೊಬ್ಬನನ್ನು ಲೊಯೋಲಾದ ಮನೆಗೆ ಹೊತ್ತು ತಂದರು. ಎಲುಬು ಸೊಟ್ಟಗೆ ಕೂಡಿತೆಂದು ಮತ್ತೆ ಮುರಿದರು, ಹೊರಚಾಚಿದ ತುಣುಕನ್ನು ಗರಗಸದಿಂದ ಕೊಯ್ದರು, ದಿನಗಟ್ಟಲೆ ಕಾಲನ್ನು ಎಳೆದು ಕಟ್ಟಿದರು. ಅರಿವಳಿಕೆ ಇಲ್ಲದ ಕಾಲವದು. ಮುಂದೆ ಸಂತ ಇಗ್ನೇಷಿಯಸ್ ಆದ ಆತ ಕಡೆಯವರೆಗೂ ಕುಂಟುತ್ತಲೇ ನಡೆದ. ಆ ಮಂಚದ ಮೇಲೆ ವೀರರ ಕಥೆಗಳನ್ನು ಕೇಳಿದ ಆತನ ಕೈಗೆ ದೊರೆತದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆಗಳು. ಆಗ ಆ ಮನೆಯನ್ನು ನಡೆಸುತ್ತಿದ್ದವರು ಅತ್ತಿಗೆ ಮಗ್ದಲೇನಾ. ಅವರ ಹೆಸರಿನ ಹಬ್ಬ ನಮ್ಮ ಪಂಚಾಂಗದಲ್ಲಿಲ್ಲ.

ಮುಂದಿನ ಭಾನುವಾರ ಬಲಿಪೂಜೆಯ ನಂತರ ನೀವು ಅಂಥದೊಂದು ಮನೆಗೆ ಹೋಗುವಿರಾದರೆ, ಹಣ್ಣಿನ ಚೀಲವಿಟ್ಟು ಐದು ನಿಮಿಷಕ್ಕೆ ಎದ್ದುಬಿಡಬೇಡಿರಿ. ಸೊಸೆಯನ್ನು ಎರಡು ತಾಸು ಮಲಗಲು ಕಳುಹಿಸಿ ನೀವು ಅಲ್ಲಿ ಕುಳಿತುಕೊಳ್ಳಿರಿ. ಮಂಚದ ಬಳಿಯ ತಂಬಿಗೆಯಲ್ಲಿ ನೀರು ಹಾಗೆಯೇ ಉಳಿದಿದೆಯೇ ಎಂದು ನೋಡಿರಿ.